ಕೈ ಬಿಟ್ಟರೆ ನಿಲ್ಲುವ ಗಾಡಿ: ಮೊಬಿಲಿಟಿ ಸ್ಕೂಟರ್ ಓಡಿಸುವುದು, ನೋಡಿಕೊಳ್ಳುವುದು ಹೇಗೆ?

ಚಿಕ್ಕಮಗಳೂರು ಏರಿಳಿತದ ಊರು. ಸಾಲದ್ದಕ್ಕೆ ಜೂನ್ ಬಂತೆಂದರೆ ಬಿಡದ ಮಳೆ. ಮಂಡಿನೋವಿನವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರು, ನಾಲ್ಕು ಹೆಜ್ಜೆಗೆ ಏದುಸಿರು ಬರುವವರು ಇಲ್ಲಿ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟುಬಿಡುತ್ತಾರೆ. ಅಂಥವರ ಮನೆಗಳಿಗೆ ಈಗೀಗ ಒಂದೊಂದಾಗಿ ಮೊಬಿಲಿಟಿ ಸ್ಕೂಟರ್ ಬರುತ್ತಿದೆ. ಸಾಮಾನ್ಯವಾಗಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಕೊಡಿಸಿದ್ದು. ಪೆಟ್ಟಿಗೆ ಬಿಚ್ಚಿ, ಜೋಡಿಸಿ, ಒಂದು ಸುತ್ತು ಹೊಡೆಸಿ ಮಕ್ಕಳು ಹೊರಟುಹೋಗುತ್ತಾರೆ. ಆಮೇಲೆ?

ಮೊದಲು ಒಂದು ಮಾತು. ಇದು ಪಕ್ಕದಲ್ಲಿ ಎರಡು ಚಕ್ರ ಕಟ್ಟಿಸಿದ ಪೆಟ್ರೋಲ್ ಸ್ಕೂಟಿ ಅಲ್ಲ. ಕುರ್ಚಿಯಂಥ ಸೀಟು, ಮುಂದೆ ಹ್ಯಾಂಡಲ್, ಮೂರು ಅಥವಾ ನಾಲ್ಕು ಸಣ್ಣ ಚಕ್ರ, ಸೀಟಿನ ಕೆಳಗೆ ಬ್ಯಾಟರಿ. ನಡಿಗೆಗಿಂತ ಸ್ವಲ್ಪ ಜೋರಾಗಿ ಹೋಗುತ್ತದೆ, ಅಷ್ಟೇ. ದಾಖಲೆ ವಿಷಯಕ್ಕೆ ಬಂದರೆ, ಮೋಟಾರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಮತ್ತು ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಎಂದು ಪರೀಕ್ಷೆಯಲ್ಲಿ ಪಾಸಾದ ಬ್ಯಾಟರಿ ಗಾಡಿಗೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. ಆದರೆ ಮೊಬಿಲಿಟಿ ಸ್ಕೂಟರ್‌ಗಳಲ್ಲಿ ಮೋಟಾರ್ ಇದಕ್ಕಿಂತ ದೊಡ್ಡದಿರುವವೂ ಇವೆ. ಅಂಗಡಿಯವರ ಬಾಯಿಮಾತು ಸಾಲದು, ಕಾಗದ ಕೇಳಿ ಪಡೆಯಿರಿ.

ಮೆಟ್ಟಿಲು ಅಳೆಯಿರಿ

ಗಾಡಿ ಆರಿಸುವುದಕ್ಕೂ ಮುಂಚೆ ಟೇಪ್ ಹಿಡಿದು ಮನೆ ಬಾಗಿಲಿಗೆ ಹೋಗಿ. ರ‍್ಯಾಂಪ್‌ನ ಲೆಕ್ಕ 1:12. ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರು ಇಂಚಿನ ಮೂರು ಮೆಟ್ಟಿಲಿದ್ದರೆ ಎತ್ತರ 18 ಇಂಚು, ರ‍್ಯಾಂಪ್ 18 ಅಡಿ. ಅಂಗಳದಲ್ಲಿ ಅಷ್ಟು ಜಾಗ ಇಲ್ಲವೇ? ಮಧ್ಯೆ ಐದಡಿ ಸಮತಟ್ಟು ಜಾಗ ಬಿಟ್ಟು ತಿರುಗಿಸಿಕೊಳ್ಳಿ. 'ಎಂಟಡಿ ಸಾಕು ಬಿಡಿ ಸಾರ್' ಎಂದು ಗಾರೆಯವರು ಹೇಳಿದರೆ ಒಪ್ಪಬೇಡಿ. ಅಷ್ಟು ಕಡಿದಾದರೆ ಗಾಡಿ ಹತ್ತಿದರೂ ಹತ್ತಬಹುದು, ಇಳಿಯುವಾಗ ಕೂತವರ ಜೀವ ಬಾಯಿಗೆ ಬರುತ್ತದೆ. ಕಬ್ಬಿಣದ ಚೆಕರ್ಡ್ ಪ್ಲೇಟಿನ ರ‍್ಯಾಂಪ್ ಮಳೆಯಲ್ಲಿ ಜಾರುತ್ತದೆ. ಅದರ ಮೇಲೆ ಒರಟು ಟೇಪ್ ಅಂಟಿಸಿ. ಸಿಮೆಂಟಿನದಾದರೆ ಹಸಿ ಇರುವಾಗಲೇ ಅಡ್ಡಗೆರೆ ಎಳೆಸಿ.

ಕೂರುವಾಗ ಕೀ ಆಫ್

ಕೀ ಆಫ್ ಇದೆಯೇ ನೋಡಿ. ಆಮೇಲೆ ಸೀಟನ್ನು ನಿಮ್ಮ ಕಡೆ ತಿರುಗಿಸಿ ಕೂತು, ಮತ್ತೆ ನೇರ ಮಾಡಿ. 'ಟಕ್' ಎಂದು ಲಾಕ್ ಬೀಳಬೇಕು. ಬೆಲ್ಟ್ ಹಾಕಿ. ಸೆರಗು, ಪಂಚೆ ಅಂಚು, ಶಾಲು ಚಕ್ರದ ಹತ್ತಿರ ಇಳಿಬಿದ್ದಿರಬಾರದು. ಕೀ ತಿರುಗಿಸುವುದು ಇಷ್ಟಾದ ಮೇಲೆ. ಏಳುವಾಗ ಹ್ಯಾಂಡಲ್ ಹಿಡಿದು ಏಳುವುದು ಎಲ್ಲರ ಅಭ್ಯಾಸ. ಕೀ ಆನ್ ಇದ್ದರೆ ಆಗ ಬೆರಳು ಲಿವರ್ ಒತ್ತುತ್ತದೆ, ಗಾಡಿ ಮುಂದೆ ನುಗ್ಗುತ್ತದೆ. ದಾರಿಯಲ್ಲಿ ಯಾರೋ ಸಿಕ್ಕರು, ಮಾತಿಗೆ ನಿಂತಿರಿ ಅಂದುಕೊಳ್ಳಿ. ಆಗಲೂ ಕೀ ಆಫ್ ಮಾಡಿ. ತರಕಾರಿ ಚೀಲವನ್ನು ಹ್ಯಾಂಡಲ್‌ಗೆ ನೇತುಹಾಕಬೇಡಿ, ಅದೂ ಲಿವರ್ ಒತ್ತಬಲ್ಲದು. ಬುಟ್ಟಿ ಇರುವುದೇ ಅದಕ್ಕೆ.

ಕೈಗೆ ಹೊಸ ಪಾಠ

ಈ ಗಾಡಿಯಲ್ಲಿ ಕಲಿಯಬೇಕಾದ್ದು ಒಂದೇ ಒಂದು, ಅದೇ ಎಲ್ಲಕ್ಕಿಂತ ಕಷ್ಟದ್ದು. ಹ್ಯಾಂಡಲ್‌ನ ಬಲಕ್ಕೊಂದು, ಎಡಕ್ಕೊಂದು ಲಿವರ್ ಇರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಲಿವರ್ ಬಿಟ್ಟಾಗ ಮೋಟಾರೇ ವೇಗ ತಗ್ಗಿಸುತ್ತದೆ, ನಿಂತ ಮೇಲೆ ಮೋಟಾರ್‌ಗೆ ಜೋಡಿಸಿರುವ ವಿದ್ಯುತ್ ಬ್ರೇಕ್ ತಾನಾಗಿ ಬಿಗಿಯುತ್ತದೆ. ಏರಿನಲ್ಲಿ ನಿಂತರೂ ಗಾಡಿ ಹಿಂದೆ ಜಾರುವುದಿಲ್ಲ.

ಸುಲಭ ಅನ್ನಿಸುತ್ತೆ ಅಲ್ವಾ? ಆದರೆ ಐವತ್ತು ವರ್ಷ ಸೈಕಲ್, ಸ್ಕೂಟರ್ ಓಡಿಸಿದ ಕೈಗೆ ಬೇರೆಯೇ ಪಾಠ ಆಗಿರುತ್ತದೆ. ಗಾಬರಿಯಾದರೆ ಹಿಡಿ ಬಿಗಿ ಮಾಡು, ಬ್ರೇಕ್ ಹಿಡಿ ಎನ್ನುವ ಪಾಠ. ಇಲ್ಲಿ ಬಿಗಿ ಹಿಡಿದರೆ ಗಾಡಿ ಇನ್ನೂ ಜೋರಾಗಿ ಹೋಗುತ್ತದೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಕಲಿಯುವಾಗ ನಾನು ಅಲ್ಲೇ ಇದ್ದೆ. ಎದುರಿಗೆ ನಾಯಿ ಅಡ್ಡ ಬಂತು. ಅವರ ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಹಿಡಿ ಬಿಗಿಯಾಯಿತು. ಗಾಡಿ ಸೀದಾ ಹೂಕುಂಡದ ಸಾಲಿನತ್ತ. 'ಮಾವ, ಕೈ ಬಿಡಿ, ಕೈ ಬಿಡಿ' ಎಂದು ಸೊಸೆ ಕೂಗುತ್ತಿದ್ದಾರೆ. 'ಬಿಟ್ರೆ ಬೀಳ್ತೀನಲ್ಲಮ್ಮಾ' ಎಂದು ಇವರು. ಎರಡು ಕುಂಡ ಹೋದವು, ಮೇಷ್ಟ್ರಿಗೆ ಏನೂ ಆಗಲಿಲ್ಲ. ವೇಗದ ಗುಂಡಿ ಆಮೆಯ ಚಿತ್ರದ ಕಡೆಗಿತ್ತು, ಅದೇ ಪುಣ್ಯ.

ಆದ್ದರಿಂದ ಅಭ್ಯಾಸ ಹೀಗಿರಲಿ. ವೇಗದ ಗುಂಡಿಯ ಒಂದು ತುದಿಯಲ್ಲಿ ಆಮೆ, ಇನ್ನೊಂದು ತುದಿಯಲ್ಲಿ ಮೊಲ ಇರುತ್ತದೆ. ಆಮೆಯಲ್ಲೇ ಇಡಿ. ಜೊತೆಗೊಬ್ಬರು ನಡೆಯುತ್ತಾ, ಹೇಳದೆ ಕೇಳದೆ 'ಬಿಡಿ' ಎಂದು ಕೂಗಬೇಕು. ಕೂಗಿದ ತಕ್ಷಣ ಬೆರಳು ಬಿಡಿಸಿ, ಹಸ್ತ ಅಗಲಿಸಬೇಕು. ಯೋಚಿಸದೆ ಕೈ ಬಿಡುವಷ್ಟು ರೂಢಿಯಾಗುವವರೆಗೆ ರಸ್ತೆಗೆ ಇಳಿಯುವುದು ಬೇಡ. ಜಾಗ ಎಲ್ಲಿ ಎನ್ನುತ್ತೀರಾ? ತೋಟದ ಮನೆಯವರಿಗೆ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಿಮೆಂಟಿನದು, ವಿಶಾಲ, ಸಮತಟ್ಟು. ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಹಣ್ಣು ಹರವಿರುತ್ತಾರೆ. ಪೇಟೆಯವರು ಬೆಳಗ್ಗೆ ಬೇಗ ಯಾವುದಾದರೂ ಶಾಲೆ ಮೈದಾನ ನೋಡಿಕೊಳ್ಳಿ. ಹಿಂದಕ್ಕೆ ಬರುವುದನ್ನೂ ಅಲ್ಲೇ ಕಲಿಯಿರಿ. ಹಿಂದೆ ತಿರುಗಿ ನೋಡಲು ಕತ್ತು ಬಾರದಿದ್ದರೆ ಕನ್ನಡಿ ಹಾಕಿಸಿ.

ಕೆಲವು ಗಾಡಿಗಳಲ್ಲಿ ಲಿವರ್ ಬದಲು ತಿರುಚುವ ಆಕ್ಸಿಲರೇಟರ್, ಪ್ರತ್ಯೇಕ ಕೈಬ್ರೇಕ್ ಇರುತ್ತದೆ. ನಿಮ್ಮದು ಯಾವ ಥರದ್ದು ಎಂದು ಮೊದಲ ದಿನವೇ ತಿಳಿದುಕೊಳ್ಳಿ.

ಏರು, ಇಳಿಜಾರು

ಎಷ್ಟು ಏರು ಹತ್ತಬಹುದು ಎಂದು ಪ್ರತಿ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಬಿಚ್ಚಿ ಕಾರಿನಲ್ಲಿ ಹಾಕುವಂಥ ಚಿಕ್ಕ ಗಾಡಿಗಳಿಗೆ ಸಾಮಾನ್ಯವಾಗಿ 6 ಡಿಗ್ರಿ ಆಸುಪಾಸು, ದೊಡ್ಡವಕ್ಕೆ 8ರಿಂದ 10. ಆರು ಡಿಗ್ರಿ ಅಂದರೆ ಹತ್ತಡಿ ದೂರಕ್ಕೆ ಒಂದಡಿ ಎತ್ತರ. ನಿಮ್ಮ ರಸ್ತೆ ಎಷ್ಟಿದೆ? ಫೋನಿನಲ್ಲಿ ಮಟ್ಟ ಅಳೆಯುವ ಆ್ಯಪ್ ಸಿಗುತ್ತದೆ. ಉದ್ದದ ಹಲಗೆಯನ್ನು ರಸ್ತೆ ಮೇಲಿಟ್ಟು ಅದರ ಮೇಲೆ ಫೋನ್ ಇಡಿ, ಅಂಕಿ ಬರುತ್ತದೆ. ಚಿಕ್ಕಮಗಳೂರಿನಂಥ ಊರಿನಲ್ಲಿ ಗಾಡಿ ಕೊಳ್ಳುವ ಮುಂಚೆ ಈ ಕೆಲಸ ಮಾಡಲೇಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾರಿಡಾರಿನಲ್ಲಿ ಚೆನ್ನಾಗಿ ಓಡಿದ ಗಾಡಿ ಇಲ್ಲಿನ ಗುಡ್ಡದ ಬಡಾವಣೆಯಲ್ಲಿ ಏದುಸಿರು ಬಿಡಬಹುದು.

ಏರನ್ನು ನೇರವಾಗಿ ಹತ್ತಿ, ನೇರವಾಗಿ ಇಳಿಯಿರಿ. ಓರೆಯಾಗಿ ಹೋದರೆ, ಮಧ್ಯದಲ್ಲಿ ತಿರುಗಿಸಿದರೆ ಗಾಡಿ ಪಕ್ಕಕ್ಕೆ ಮಗುಚುತ್ತದೆ. ಮೂರು ಚಕ್ರದ್ದು ಇನ್ನೂ ಬೇಗ. ಕಡಿಮೆ ಜಾಗದಲ್ಲಿ ತಿರುಗುತ್ತದೆ ಎಂದು ಮೂರು ಚಕ್ರದ್ದನ್ನು ಕೊಡಿಸುವವರಿದ್ದಾರೆ. ಮನೆಯೊಳಗಿನ ಓಡಾಟಕ್ಕೆ ಸರಿ, ನಮ್ಮ ರಸ್ತೆಗೆ ನಾಲ್ಕು ಚಕ್ರವೇ ವಾಸಿ. ಹತ್ತುವಾಗ ಸ್ವಲ್ಪ ಮುಂದಕ್ಕೆ ಬಾಗಿ ಕೂರಿ. ಇಳಿಯುವಾಗ ಬೆನ್ನು ಸೀಟಿಗೆ ಆನಿಸಿ, ಗುಂಡಿ ಆಮೆಗೆ ತಿರುಗಿಸಿ. ಜೋರಾಗಿ ಇಳಿಯುತ್ತಾ ಒಮ್ಮೆಲೇ ಲಿವರ್ ಬಿಟ್ಟರೆ ಮೈ ಮುಂದಕ್ಕೆ ಎಸೆದಂತಾಗುತ್ತದೆ. ಮೊಮ್ಮಗಳು ಎಷ್ಟೇ ಹಟ ಮಾಡಿದರೂ ತೊಡೆ ಮೇಲೆ ಕೂರಿಸಿಕೊಂಡು ಓಡಿಸಬೇಡಿ.

ಏರಿನ ಮಧ್ಯೆ ಗಾಡಿ ತಟ್ಟನೆ ನಿಂತರೆ ಹೆದರಬೇಡಿ, ಬ್ರೇಕ್ ಹಿಡಿದಿರುತ್ತದೆ. ಹೊರೆ ಜಾಸ್ತಿಯಾಗಿ, ಕರೆಂಟ್ ಕಡಿಯುವ ಬ್ರೇಕರ್ ಟ್ರಿಪ್ ಆಗಿರುವುದೇ ಹೆಚ್ಚು. ಕೀ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು, ಬ್ಯಾಟರಿ ಪೆಟ್ಟಿಗೆ ಹತ್ತಿರದ ಚಿಕ್ಕ ಬಟನ್ ಒತ್ತಿಸಿ. ಪದೇ ಪದೇ ಹೀಗಾದರೆ ಆ ಏರು ನಿಮ್ಮ ಗಾಡಿಗೆ ಆಗದು.

ನ್ಯೂಟ್ರಲ್ ಲಿವರ್: ಇದೊಂದು ಎಚ್ಚರ

ಹಿಂದಿನ ಚಕ್ರದ ಬಳಿ ಇನ್ನೊಂದು ಲಿವರ್ ಇರುತ್ತದೆ, ಸಾಮಾನ್ಯವಾಗಿ ಕೆಂಪು ಅಥವಾ ಹಳದಿ. ಗಾಡಿಯನ್ನು ಕೈಯಿಂದ ತಳ್ಳಲು ಇರುವುದು ಅದು. ಅದನ್ನು ಎಳೆದರೆ ಬ್ರೇಕ್ ಬಿಟ್ಟುಹೋಗುತ್ತದೆ. ಪೂರ್ತಿ. ಕೀ ತೆಗೆದರೂ ಹಿಡಿಯುವುದಿಲ್ಲ. ಸೀಟಿನಲ್ಲಿ ಜನ ಇರುವಾಗ, ಇಳಿಜಾರಿನಲ್ಲಿ ಅದನ್ನು ಮುಟ್ಟಬೇಡಿ. ಗಾಡಿ ಕೆಟ್ಟು ನಿಂತಾಗ ಸಹಾಯಕ್ಕೆ ಓಡಿ ಬಂದ ಹುಡುಗರು ಮೊದಲು ಎಳೆಯುವುದೇ ಅದನ್ನು. ಮೊದಲು ಕೂತವರನ್ನು ಇಳಿಸಲಿ, ಇಬ್ಬರು ಗಾಡಿ ಹಿಡಿದುಕೊಳ್ಳಲಿ, ಆಮೇಲೆ ಎಳೆಯಲಿ. ತಳ್ಳಿದ ಮೇಲೆ ಲಿವರ್ ಮೊದಲಿನ ಜಾಗಕ್ಕೆ ಬಂತೇ ನೋಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ದಿನವೂ ನೋಡಿ.

ರಸ್ತೆಯಲ್ಲಿ

ಚರಂಡಿ ಚಪ್ಪಡಿಗಳ ನಡುವಿನ ಸಂದಿಗೆ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಅಡ್ಡಲಾಗಿ ದಾಟಿ, ಸಂದಿಯ ಉದ್ದಕ್ಕೆ ಹೋಗಬೇಡಿ. ಹಂಪ್, ಫುಟ್‌ಪಾತ್ ಅಂಚನ್ನೂ ಹೀಗೇ ನೇರವಾಗಿ, ನಿಧಾನವಾಗಿ ಹತ್ತಿಸಿ. ಎರಡು ಇಂಚಿಗಿಂತ ಎತ್ತರದ್ದಾದರೆ ಬೇರೆ ದಾರಿ ನೋಡಿ. ಗಾಡಿ ಕುಳ್ಳು, ಬಸ್ಸು ಲಾರಿಯವರಿಗೆ ಕಾಣುವುದೇ ಇಲ್ಲ. ಮಕ್ಕಳ ಸೈಕಲ್‌ಗೆ ಕಟ್ಟುವ ಉದ್ದ ಕಡ್ಡಿಯ ಬಾವುಟ ಕಟ್ಟಿ, ಹಿಂದೆ ಹೊಳೆಯುವ ಟೇಪ್ ಅಂಟಿಸಿ. ಮಂಜು ಮುಸುಕಿದ ಬೆಳಗಿನಲ್ಲಿ ಲೈಟ್ ಹಾಕಿಕೊಂಡೇ ಹೊರಡಿ. ತಲೆ ಸುತ್ತುವ, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ.

ಚಾರ್ಜ್ ಮಾಡುವ ರೀತಿ

ಹೆಚ್ಚಿನ ಗಾಡಿಗಳಲ್ಲಿ 12 ವೋಲ್ಟ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ ಸೇರಿ 24 ವೋಲ್ಟ್ ಆಗಿರುತ್ತದೆ. ಇವು ಸೀಲ್ ಆದವು, ಮನೆಯ ಇನ್ವರ್ಟರ್ ಬ್ಯಾಟರಿಗೆ ಹಾಕುವಂತೆ ನೀರು ಹಾಕುವ ಹಾಗಿಲ್ಲ. 'ಪೂರ್ತಿ ಖಾಲಿಯಾದ ಮೇಲೇ ಚಾರ್ಜ್ ಮಾಡಬೇಕು' ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಈ ಬ್ಯಾಟರಿಗೆ ಅದು ವಿಷ. ಖಾಲಿಯಾಗಿ ಬಿಟ್ಟಷ್ಟೂ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಚಾರ್ಜ್ ಹಿಡಿಯದಾಗುತ್ತದೆ. ಓಡಿಸಿದ ದಿನ ರಾತ್ರಿ ಚಾರ್ಜ್‌ಗೆ ಹಾಕಿ, ಹಸಿರು ದೀಪ ಬರುವವರೆಗೂ ಬಿಡಿ. ಪೂರ್ತಿ ಇಳಿದದ್ದು ತುಂಬಲು 8ರಿಂದ 12 ಗಂಟೆ ಬೇಕು. ಖರ್ಚಿನ ಚಿಂತೆ ಬೇಡ. 35 ಆಂಪಿಯರ್-ಅವರ್‌ನ ಜೋಡಿ ಬ್ಯಾಟರಿ ಖಾಲಿಯಿಂದ ತುಂಬಲು ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟ್. ಮೆಸ್ಕಾಂ ಬಿಲ್ಲಿನಲ್ಲಿ ಅದು ಗೊತ್ತೂ ಆಗುವುದಿಲ್ಲ.

ಮೊದಲು ಕೀ ಆಫ್, ಆಮೇಲೆ ಚಾರ್ಜರ್ ಪಿನ್ ಗಾಡಿಗೆ, ಕೊನೆಗೆ ಗೋಡೆ ಸ್ವಿಚ್. ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಆಗಬೇಕು. ಚಾರ್ಜರ್ ಮೇಲೆ ಬಟ್ಟೆ ಮುಚ್ಚಬೇಡಿ, ಅದಕ್ಕೆ ಗಾಳಿ ಬೇಕು. ಲಿಥಿಯಂ ಬ್ಯಾಟರಿಯದ್ದಾದರೆ ಅದರ ಚಾರ್ಜರ್ ಬೇರೆ, ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ. ಅದನ್ನು ಮಲಗುವ ಕೋಣೆಯಲ್ಲಾಗಲಿ, ಹೊರಗೆ ಹೋಗುವ ಬಾಗಿಲಿಗೆ ಅಡ್ಡಲಾಗಲಿ ಇಟ್ಟು ಚಾರ್ಜ್ ಮಾಡಬೇಡಿ. ಕರೆಂಟ್ ಹೋದಾಗ ಒರಟು ಕರೆಂಟ್ ಕೊಡುವ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಚಾರ್ಜರ್ ಸಿಕ್ಕಿಸುವುದೂ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದರೆ ಪ್ಲಗ್ಗನ್ನೇ ಕಿತ್ತುಬಿಡಿ.

ಕಂಪನಿಯವರು ಹೇಳುವ ಕಿಲೋಮೀಟರ್ ಸಮತಟ್ಟು ರಸ್ತೆಯ ಲೆಕ್ಕ. ಇಲ್ಲಿ ಅರ್ಧ ಎಂದುಕೊಂಡೇ ಹೊರಡಿ. ಏರಿನಲ್ಲಿ ಬ್ಯಾಟರಿ ಮುಳ್ಳು ಬೀಳುತ್ತದೆ, ಸಮತಟ್ಟಿಗೆ ಬಂದರೆ ಏಳುತ್ತದೆ. ನಂಬಬೇಕಾದ್ದು ಸಮತಟ್ಟಿನಲ್ಲಿ ಓಡುವಾಗ ತೋರಿಸುವುದನ್ನು.

ಮಳೆ, ಒದ್ದೆ, ಇಲಿ

ಮೊಬಿಲಿಟಿ ಸ್ಕೂಟರ್ ತುಂತುರು ತಡೆದೀತು, ಮಲೆನಾಡಿನ ಮಳೆ ತಡೆಯದು. ಹ್ಯಾಂಡಲ್ ಮೇಲಿನ ಗುಂಡಿಗಳ ಪೆಟ್ಟಿಗೆಗೆ ಪ್ಲಾಸ್ಟಿಕ್ ಕವರ್ ಹಾಕಿ. ನೀರು ನಿಂತ ಕಡೆ ಇಳಿಸಬೇಡಿ, ಮೋಟಾರ್ ಇರುವುದು ಕೆಳಗೇ. ನೆನೆದು ಬಂದರೆ ಒರೆಸಿ, ಫ್ಯಾನಿನ ಗಾಳಿಗೆ ಒಣಗಿಸಿ, ಆಮೇಲೆ ಚಾರ್ಜ್. ವಾಟರ್ ಸರ್ವಿಸ್‌ಗೆ ಮಾತ್ರ ಕೊಡಲೇಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗೆ ಸೀಟಿನ ಕೆಳಗಿನ ವೈರು ಬಲು ಇಷ್ಟ. ವಾರಕ್ಕೊಮ್ಮೆ ಕವರ್ ತೆಗೆದು ನೋಡಿ.

ಹಾಗೆ ನೋಡುವಾಗಲೇ ಬ್ಯಾಟರಿ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ, ನಟ್ಟು ಸಡಿಲವೇ ಪರೀಕ್ಷಿಸಿ. ಗಾಳಿ ಹಾಕುವ ಟೈರಾದರೆ ಗಾಳಿಯ ಒತ್ತಡ ಎಷ್ಟು ಪಿಎಸ್ಐ ಇರಬೇಕು ಎಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಬಂಕಿನ ಗಾಳಿ ಯಂತ್ರಕ್ಕೆ ಈ ಪುಟ್ಟ ಟ್ಯೂಬ್ ಒಂದು ಕ್ಷಣದ ಕೆಲಸ, ಒಡೆದೇ ಹೋಗಬಹುದು. ಸೈಕಲ್ ಶಾಪಿನ ಕೈಪಂಪೇ ಒಳ್ಳೆಯದು. ಹೊರಡುವ ಮುನ್ನ ಮನೆ ಮುಂದೆಯೇ ಎರಡಡಿ ಓಡಿಸಿ ಕೈ ಬಿಡಿ. ನಿಂತರೆ ಹೊರಡಿ. ಜಾರಿದರೆ ಅವತ್ತು ಮನೆಯಲ್ಲೇ ಇರಿ, ರಿಪೇರಿಯವರನ್ನು ಕರೆಸಿ. ವರ್ಷಕ್ಕೊಮ್ಮೆ ಮೋಟಾರಿನ ಕಾರ್ಬನ್ ಬ್ರಷ್, ಬ್ರೇಕ್ ಎರಡನ್ನೂ ತೋರಿಸಿ.

ಬ್ಯಾಟರಿ ಬದಲಿಸುವಾಗ

ರಾತ್ರಿಯಿಡೀ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ ಒಳ್ಳೆಯ ಲೆಡ್ ಆಸಿಡ್ ಜೋಡಿ 25.5 ವೋಲ್ಟ್ ಆಸುಪಾಸು ತೋರಿಸುತ್ತದೆ. 24ರ ಹತ್ತಿರ ನಿಂತರೆ ಅದರ ಕಾಲ ಮುಗಿಯುತ್ತಾ ಬಂತು. ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದ್ದು ಹಾಕಿಸಿ. ಒಂದು ಹಳತು ಒಂದು ಹೊಸತು ಹಾಕಿದರೆ ಹಳತು ಹೊಸತನ್ನೂ ಕೆಡಿಸುತ್ತದೆ. 'ಆಟೋ ಬ್ಯಾಟರಿ ಹಾಕ್ತೀನಿ, ಅಗ್ಗ ಆಗುತ್ತೆ' ಎಂದರೆ ಬೇಡ ಅನ್ನಿ. ಅದು ಎಂಜಿನ್ ಸ್ಟಾರ್ಟ್ ಮಾಡಲು ಒಂದು ಕ್ಷಣ ಜೋರು ಕರೆಂಟ್ ಕೊಡುವಂಥದ್ದು, ಇದಕ್ಕೆ ಗಂಟೆಗಟ್ಟಲೆ ಸಮನಾಗಿ ಕೊಡುವ ಡೀಪ್ ಸೈಕಲ್ ಬ್ಯಾಟರಿ ಬೇಕು. ತಿಂಗಳುಗಟ್ಟಲೆ ಮಕ್ಕಳ ಮನೆಗೆ ಹೋಗುವುದಿದ್ದರೆ ಪೂರ್ತಿ ಚಾರ್ಜ್ ಮಾಡಿಟ್ಟು, ತಿಂಗಳಿಗೊಮ್ಮೆ ಚಾರ್ಜ್‌ಗೆ ಹಾಕಲು ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಹಳೆ ಬ್ಯಾಟರಿಯನ್ನು ಗುಜರಿಗೆ ಹಾಕದೆ ಬ್ಯಾಟರಿ ಅಂಗಡಿಗೇ ವಾಪಸ್ ಕೊಡಿ. ಒಳಗೆ ಸೀಸ, ಆಸಿಡ್ ಇದೆ. ಸಾಮಾನ್ಯವಾಗಿ ಹೊಸದರ ಬೆಲೆಯಲ್ಲಿ ಅದಕ್ಕೆ ಸ್ವಲ್ಪ ಕಳೆದುಕೊಳ್ಳುತ್ತಾರೆ, ಕೇಳಿ ಪಡೆಯಿರಿ.