ಎರಡು ಕಾಲಿಗೆ ಮೂರು ಸೈಕಲ್ಲು

"ಇರುವುದು ಎರಡೇ ಕಾಲಲ್ಲವೇ ಸ್ವಾಮಿ, ಮೂರು ಸೈಕಲ್ಲು ಏಕೆ?" ಎಂದು ಪಕ್ಕದ ಮನೆಯ ರಾಯರು ಎರಡು ವರ್ಷ ಬಿಡದೆ ಕೇಳಿದರು. ಈಗ ಕೇಳುವುದಿಲ್ಲ. ಹೋದ ತಿಂಗಳು ಅವರ ಮನೆಯ ಗೋಧಿ ಮಿಲ್ಲಿಗೆ ಹೋದದ್ದು ನನ್ನ ಕ್ಯಾರಿಯರ್ ಮೇಲೆ.

ನಾನೂ ಮೊದಲು ಒಂದೇ ಸೈಕಲ್ಲಿನ ಭಕ್ತ. 2016ರಲ್ಲಿ ಹದಿನಾಲ್ಕು ಸಾವಿರ ಚಿಲ್ಲರೆ ಕೊಟ್ಟು, ಮುಂದೆ ಸಸ್ಪೆನ್ಷನ್ ಇದ್ದ ಗೇರ್ ಸೈಕಲ್ ತಂದೆ. ಕಚೇರಿಗೂ ಅದೇ, ದೇವರಾಜ ಮಾರುಕಟ್ಟೆಗೂ ಅದೇ, ಭಾನುವಾರ ಚಾಮುಂಡಿ ಬೆಟ್ಟಕ್ಕೂ ಅದೇ. ಏರಿನಲ್ಲಿ ಎದ್ದು ನಿಂತು ತುಳಿದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಸ್ಪ್ರಿಂಗಿನ ಮೇಲೆ ಕುಸಿದು ಏಳುತ್ತಿತ್ತು. ಬೆಳಿಗ್ಗೆ ತಿಂದ ಇಡ್ಲಿಯ ಅರ್ಧ ಶಕ್ತಿ ಸ್ಪ್ರಿಂಗಿಗೇ ನೈವೇದ್ಯ. ನುಣುಪು ಟೈರು ಹಾಕಿಸಿದೆ, ಸ್ವಲ್ಪ ಹಗುರಾಯಿತು. ಆಮೇಲೆ ಸೀಟಿನ ಕಂಬಕ್ಕೆ ಬಿಗಿಯುವ ಕ್ಯಾರಿಯರ್ ತಂದೆ. ಅದರ ಮೇಲೆ ಹತ್ತು ಕಿಲೋ ಎಂದು ಬರೆದಿತ್ತು, ನಾನು ಇಟ್ಟದ್ದು ಇಪ್ಪತ್ತೈದು ಕಿಲೋ ಅಕ್ಕಿ. ಮೊದಲ ರಸ್ತೆ ಉಬ್ಬಿಗೇ ಕ್ಯಾರಿಯರ್ ಪಕ್ಕಕ್ಕೆ ತಿರುಗಿತು, ಮೂಟೆ ಒಡೆಯಿತು. ಇಂಥ ಸುಧಾರಣೆಗಳಿಗೇ ಮೂರು ವರ್ಷದಲ್ಲಿ ಸುಮಾರು ಒಂಬತ್ತು ಸಾವಿರ ಹೋಯಿತು.

ಬುದ್ಧಿ ಆಗಲೂ ಬರಲಿಲ್ಲ. ಹದಿನೆಂಟು ಸಾವಿರಕ್ಕೆ ಹಳೆಯ ರೋಡ್ ಬೈಕ್, ಅಂದರೆ ತೆಳು ಟೈರಿನ ವೇಗದ ಸೈಕಲ್ಲು, ಕೊಂಡು, ಇನ್ನು ಎಲ್ಲಕ್ಕೂ ಇದೇ ಎಂದುಕೊಂಡೆ. 25 ಮಿಲಿಮೀಟರ್ ಟೈರಿನ ಮೇಲೆ ತರಕಾರಿ ಚೀಲ ಹೇರಿದರೆ ಏನಾಗುತ್ತದೆಂದು ನಿಮಗೆ ಗೊತ್ತು: ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು. ಹಿಂದಿನ ಚಕ್ರದ ಬಲಗಡೆಯ ಕಡ್ಡಿಗಳು ಒಂದೊಂದಾಗಿ ಮುರಿದವು. ಕಡ್ಡಿಗೆ ಹತ್ತೋ ಹದಿನೈದೋ ರೂಪಾಯಿ. ಆದರೆ ಅದನ್ನು ಕೂರಿಸಲು ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಬಿಚ್ಚಬೇಕು, ಬಿಚ್ಚುವ ಟೂಲು ನಮ್ಮ ಬೀದಿಯ ಅಂಗಡಿಯಲ್ಲಿಲ್ಲ. ಆರುನೂರು ಕೊಟ್ಟು ನಾನೇ ಕೊಂಡೆ.

ದಾರಿ ಕಂಡದ್ದು ಮಾವನವರ ಕೊಟ್ಟಿಗೆಯಲ್ಲಿ. ರಾಡ್ ಬ್ರೇಕಿನ, 28 ಇಂಚು ಚಕ್ರದ, ಇಪ್ಪತ್ತು ಕಿಲೋಗೂ ಮಿಗಿಲಾದ ಕರಿ ಸೈಕಲ್ಲು. "ಗುಜರಿಗೆ ಹಾಕಿ ಸಾರ್, ತೂಕಕ್ಕಾದರೂ ಏನೋ ಸಿಗುತ್ತದೆ" ಎಂದ ಅಂಗಡಿಯವನು. ಟೈರು, ಟ್ಯೂಬು, ಬೇರಿಂಗ್ ಗುಂಡು, ಪೆಡಲಿನ ತೋಳನ್ನು ಬಿಗಿಹಿಡಿಯುವ ಕಾಟರ್ ಪಿನ್ನು ಎಲ್ಲ ಸೇರಿ 2,800 ಆಯಿತು. ಎರಡು ಜೊತೆ ಪಿನ್ನು ಸಡಿಲವಾಗಿ ಎಡಗಾಲು ಕಟಕಟ ಎಂದಿತು. ಮೂರನೆಯ ಜೊತೆಯನ್ನು ನಾನೇ ಅರದಿಂದ ಉಜ್ಜಿ ಬಡಿದೆ, ಇಂದಿಗೂ ಅಲುಗಿಲ್ಲ. ಹೇಗೆ ಉಜ್ಜಿದೆ ಎಂಬುದು ನನ್ನಲ್ಲೇ ಇರಲಿ.

ಮುಖ್ಯವಾದದ್ದು ಫ್ರೀವೀಲ್, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರ. ಮುಂದೆ 44 ಹಲ್ಲು, ಹಿಂದೆ 18 ಇತ್ತು. ಮೂಟೆ ಹೇರಿದರೆ ಮಂಡಿ ಕೂಗುತ್ತಿತ್ತು. ಹಿಂದೆ 22 ಹಾಕಿದೆ, ಚೈನು ಸ್ವಲ್ಪ ಉದ್ದ ಮಾಡಿದೆ. ಈಗ ಮೂವತ್ತು ಕಿಲೋ ಹೇರಿದರೂ ಕುಳಿತೇ ತುಳಿಯುತ್ತೇನೆ. ಆ ಫ್ರೀವೀಲ್ ಸಿಕ್ಕ ಅಂಗಡಿಯ ವಿಳಾಸ ಕೇಳಬೇಡಿ, ಅಲ್ಲಿ ಉಳಿದಿರುವುದು ನಾಲ್ಕೋ ಐದೋ. ಮಳೆಯಲ್ಲಿ ಮಾತ್ರ ಈ ಸೈಕಲ್ಲಿನ ರಾಡ್ ಬ್ರೇಕನ್ನು ನಂಬಬೇಡಿ. ತಿರುವು ಬರುವ ಮೊದಲೇ ಮೆಲ್ಲಗೆ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಬೇಕು.

ಗೇರ್ ಸೈಕಲ್ಲಿಗೆ ಸಾದಾ ಫೋರ್ಕು, ಮಡ್‌ಗಾರ್ಡು ಹಾಕಿಸಿ ಕಚೇರಿಗೆ ಬಿಟ್ಟೆ, ಸಾವಿರದೈನೂರರೊಳಗೆ ಮುಗಿಯಿತು. ರೋಡ್ ಬೈಕ್‌ಗೆ ಬೆಟ್ಟ ಮತ್ತು ದೂರದ ಸವಾರಿ ಮಾತ್ರ. ಹೊರೆ ಹೊರುವುದು ನಿಂತ ಮೇಲೆ ಅದರ ಒಂದು ಕಡ್ಡಿಯೂ ಮುರಿದಿಲ್ಲ. ಅದರಲ್ಲೇ 200 ಕಿಲೋಮೀಟರ್ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಮುಗಿಸಿದೆ. ಹದಿಮೂರೂವರೆ ಗಂಟೆಯ ಗಡುವಿಗೆ ಇನ್ನೂ ಒಂದು ಗಂಟೆಯ ಮೇಲೆ ಉಳಿದಿತ್ತು, ನಡುವೆ ಎರಡು ಮಸಾಲೆ ದೋಸೆಗೆ ನಿಂತದ್ದೂ ಸೇರಿ.

ಒಂದು ರಗಳೆ ಉಳಿದಿದೆ: ಮೂರಕ್ಕೂ ಗಾಳಿ ತುಂಬುವ ವಾಲ್ವ್ ಮೂರು ಬಗೆ. ಒಂದೇ ಪಂಪಿನಲ್ಲಿ ಸಾಗಿಸಲು ಹಿತ್ತಾಳೆಯ ಅಡಾಪ್ಟರ್ ಕೊಂಡೆ. ಒಂದೊಂದೂ ಮೂವತ್ತು ನಲವತ್ತು ರೂಪಾಯಿಯದು, ಈವರೆಗೆ ಆರು ಕಳೆದಿದ್ದೇನೆ.

ಜಗುಲಿಯ ಜಾಗಕ್ಕಾಗಿ ಜಗಳವಾಡುತ್ತಿದ್ದ ನನ್ನವಳು ಈಗ ಮಾತೆತ್ತುವುದಿಲ್ಲ. ಸಂಜೆ ನೋಡಿದರೆ ಕಚೇರಿ ಸೈಕಲ್ಲಿನ ಸೀಟು ಎರಡು ಇಂಚು ಕೆಳಗಿಳಿದಿರುತ್ತದೆ, ಹ್ಯಾಂಡಲ್ಲಿಗೆ ಒಂದು ಎಸಳು ಕರಿಬೇವು ಅಂಟಿರುತ್ತದೆ.