ಅಜ್ಜನ ಹೆಸರಿನ ಉತಾರ ಮತ್ತು ನನ್ನ ಎಂಬಿಎ ಫೀ

ಮುಧೋಳದ ಸೌಹಾರ್ದ ಸಹಕಾರಿಯೊಂದರಲ್ಲಿ ಮೂರು ವರ್ಷ ಕ್ಲರ್ಕ್ ಆಗಿ ದುಡಿದ ಮೇಲೆ, 2022ರಲ್ಲಿ ಎಂಬಿಎ ಓದಬೇಕೆಂದು ನಿರ್ಧರಿಸಿದಾಗ, ನನ್ನ ಉಳಿತಾಯ ಖಾತೆಯಲ್ಲಿ ಇದ್ದದ್ದು 80,000 ರೂಪಾಯಿ. ಬೆಳಗಾವಿಯಲ್ಲಿ ಎರಡು ವರ್ಷ ಓದಲು ಫೀ, ಹಾಸ್ಟೆಲ್, ಊಟ, ಪುಸ್ತಕ, ಬಸ್ಸು ಎಲ್ಲ ಕೂಡಿ 3,40,000 ರೂಪಾಯಿ ಬೇಕಾಗುತ್ತದೆಂದು ಸಹಕಾರಿಯ ಹಳೆಯ ವಹಿಯೊಂದರ ಖಾಲಿ ಹಾಳೆಯಲ್ಲಿ ಲೆಕ್ಕ ಬರೆದಿದ್ದೆ. ಮನೆಯಲ್ಲಿ ಘಟಪ್ರಭೆಯ ದಂಡೆಗೆ ನಾಲ್ಕು ಎಕರೆ ಕಬ್ಬಿತ್ತು, ಆದರೆ ಕಬ್ಬಿನ ಬಿಲ್ಲು ಯಾವಾಗ ಬರುತ್ತದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಉಳಿದ 2,60,000 ರೂಪಾಯಿಯನ್ನು ನಾನು ಹೇಗೆ ಕೂಡಿಸಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಣದ ಮೊತ್ತಕ್ಕಿಂತ ಹಣ ಬರುವ ದಿನ ನನ್ನನ್ನು ಹೆಚ್ಚು ಕಾಡಿತು ಎಂಬ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಲ್ಲರಂತೆ ನಾನೂ ಮೊದಲು ದೊಡ್ಡ ಹೆಸರುಗಳ ಹಿಂದೆ ಬಿದ್ದೆ. ವಿದೇಶದಲ್ಲಿ ಓದಿಸುವ ಪ್ರಸಿದ್ಧ ವಿದ್ಯಾರ್ಥಿವೇತನಗಳ ನಿಯಮಾವಳಿಗಳನ್ನು ಎರಡು ತಿಂಗಳು ರಾತ್ರಿ ಕುಳಿತು ಓದಿದೆ. ಇನ್‌ಲ್ಯಾಕ್ಸ್ ಪ್ರತಿಷ್ಠಾನವು ವ್ಯಾಪಾರ ಆಡಳಿತದ ಓದಿಗೆ ನೆರವು ನೀಡುವುದಿಲ್ಲ. ಫುಲ್‌ಬ್ರೈಟ್–ನೆಹರೂ ಸ್ನಾತಕೋತ್ತರ ಫೆಲೋಶಿಪ್ ಆಯ್ದ ಕೆಲವು ವಿಷಯಗಳಿಗೆ ಮಾತ್ರ ಮೀಸಲಾಗಿದ್ದು, ಎಂಬಿಎ ಅದರಲ್ಲಿ ಇಲ್ಲ, ಮೇಲಾಗಿ ಮೂರು ವರ್ಷದ ಬಿಕಾಂ ಪದವಿಯೊಂದೇ ಅದಕ್ಕೆ ಸಾಲದು. ಬ್ರಿಟನ್ ಸರ್ಕಾರದ ಚೀವ್ನಿಂಗ್ ಎಂಬಿಎಗೂ ಸಿಗುತ್ತದೆಯಾದರೂ ಬೋಧನಾ ಶುಲ್ಕಕ್ಕೆ ಒಂದು ಮಿತಿಯವರೆಗೆ ಮಾತ್ರ, ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಕರಾರೂ ಉಂಟು. 1892ರಲ್ಲಿ ಆರಂಭವಾದ ಜೆ. ಎನ್. ಟಾಟಾ ದತ್ತಿ ಕೊಡುವುದು ಸಾಲ ರೂಪದ ವಿದ್ಯಾರ್ಥಿವೇತನ, ಅಂದರೆ ಅದನ್ನು ತೀರಿಸಬೇಕು. ಇವುಗಳಲ್ಲಿ ಯಾವುದೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನನಗೆ ಯಾವುದು ಅಲ್ಲ ಎಂದು ತಿಳಿಯುವುದಕ್ಕೆ ಆ ಎರಡು ತಿಂಗಳು ಹಿಡಿಯಿತು, ಅರ್ಹತೆಯ ಪುಟವನ್ನು ಮೊದಲು ಓದಿ ಹಣದ ಪುಟವನ್ನು ಆಮೇಲೆ ಓದಿದ್ದರೆ ಎರಡು ದಿನ ಸಾಕಾಗುತ್ತಿತ್ತು.

ಫೆಲೋಶಿಪ್ ಎಂಬ ಪದವೂ ನನ್ನನ್ನು ಸಾಕಷ್ಟು ಸುತ್ತಾಡಿಸಿತು. ಐಐಎಂಗಳಲ್ಲಿ ಫೆಲೋ ಕಾರ್ಯಕ್ರಮ ಎಂದು ಬಹುಕಾಲ ಕರೆಯಲಾಗುತ್ತಿದ್ದುದು ಪಿಎಚ್‌ಡಿಗೆ ಸಮನಾದ ಸಂಶೋಧನಾ ಓದು. ಅದಕ್ಕೆ ಸೇರಿದವರಿಗೆ ತಿಂಗಳ ಭತ್ಯೆ ಸಿಗುತ್ತದೆ, ಆದರೆ ಅದು ಎಂಬಿಎ ಅಲ್ಲ. ಕೇಂದ್ರದ ಕೌಶಲ್ಯಾಭಿವೃದ್ಧಿ ಸಚಿವಾಲಯದ ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್‌ನಲ್ಲಿ ಮೊದಲ ವರ್ಷ ತಿಂಗಳಿಗೆ 50,000, ಎರಡನೆಯ ವರ್ಷ 60,000 ರೂಪಾಯಿ ಭತ್ಯೆ ಇತ್ತು, ಐಐಎಂಗಳ ಸಹಯೋಗದಲ್ಲಿ ಎರಡು ವರ್ಷ ಜಿಲ್ಲಾಡಳಿತದ ಜೊತೆ ಕೆಲಸ ಮಾಡಬೇಕಿತ್ತು. ಕೊನೆಗೆ ದೊರೆಯುತ್ತಿದ್ದುದು ಸಾರ್ವಜನಿಕ ನೀತಿ ಮತ್ತು ನಿರ್ವಹಣೆಯ ಪ್ರಮಾಣಪತ್ರವೇ ಹೊರತು ಪದವಿಯಲ್ಲ. ಗೇಟ್ ಪರೀಕ್ಷೆ ಪಾಸಾದವರಿಗೆ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ಕೊಡುವ ತಿಂಗಳ 12,400 ರೂಪಾಯಿಯ ಮಾತನ್ನು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅದು ಎಂಟೆಕ್ ಮತ್ತು ಅಂಥ ತಾಂತ್ರಿಕ ಓದಿನವರಿಗಾಗಿ ಇರುವುದು.

ಹಾಗಾಗಿ ನನ್ನ ದಾರಿ ರಾಜ್ಯದೊಳಗಿನದು ಎಂದು ತೀರ್ಮಾನವಾಯಿತು. ರಾಜ್ಯದ ಪರೀಕ್ಷಾ ಪ್ರಾಧಿಕಾರವಾದ ಕೆಇಎ ನಡೆಸುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದೆ. ನೂರು ಅಂಕದ ಆ ಪರೀಕ್ಷೆಯ ರ‍್ಯಾಂಕ್ ನಿಜಕ್ಕೂ ನನ್ನ ಮೊದಲ ವಿದ್ಯಾರ್ಥಿವೇತನ ಎಂದು ಈಗ ಅನ್ನಿಸುತ್ತದೆ, ಏಕೆಂದರೆ ಅದರ ಮೂಲಕ ಸಿಗುವ ಸರ್ಕಾರಿ ಕೋಟಾದ ಸೀಟಿನ ಫೀಗೂ ಮ್ಯಾನೇಜ್‌ಮೆಂಟ್ ಕೋಟಾದ ಫೀಗೂ ಇರುವ ಅಂತರವನ್ನು ಯಾವ ವಿದ್ಯಾರ್ಥಿವೇತನವೂ ತುಂಬಿಕೊಡಲಾರದು. ಅಷ್ಟೇ ಅಲ್ಲ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದರೆ ಸರ್ಕಾರದ ಶುಲ್ಕ ಮರುಪಾವತಿಯ ಬಾಗಿಲು ಮುಚ್ಚಿದಂತೆಯೇ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಮತ್ತು ಹಿಂದುಳಿದ ವರ್ಗಗಳ ದೇವರಾಜ ಅರಸು ನಿಗಮ ಕೊಡುವ ‘ಅರಿವು’ ಸಾಲವೂ ಇದೆ. ನನ್ನ ಜೊತೆ ಬಿಕಾಂ ಓದಿದ ಪರಿಶಿಷ್ಟ ಜಾತಿಯ ಗೆಳತಿಯೊಬ್ಬಳು ಕ್ಯಾಟ್ ಬರೆದು ಐಐಎಂ ಸೇರಿದಳು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, ಗುರುತಿಸಿದ ಉನ್ನತ ಸಂಸ್ಥೆಗಳಲ್ಲಿ ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಬೋಧನಾ ಶುಲ್ಕವನ್ನು ಭರಿಸುವ ಕೇಂದ್ರ ಯೋಜನೆಯಡಿ ಅವಳ ಓದು ನಡೆಯಿತು. ನನ್ನ ವಿಷಯದಲ್ಲಿ ಹಿಂದುಳಿದ ವರ್ಗಗಳ ಶುಲ್ಕ ವಿನಾಯಿತಿ ದಕ್ಕಲಿಲ್ಲ. ಅಪ್ಪನ ಆದಾಯ ಪ್ರಮಾಣಪತ್ರದ ಅಂಕಿ ಮಿತಿಯನ್ನು ತುಸುವೇ ದಾಟಿತ್ತು.

ಇನ್ನು ಉಳಿದದ್ದು ರೈತರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿ. ಸ್ನಾತಕೋತ್ತರ ಓದಿಗೆ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎನ್ನುವಲ್ಲಿ, ಅರ್ಜಿ ತುಂಬುವಾಗ ತಂದೆ ಅಥವಾ ತಾಯಿಯ ಹೆಸರಿನಲ್ಲಿ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಇರಬೇಕು. ನಮ್ಮ ಅಪ್ಪ ಹುಟ್ಟಿದಂದಿನಿಂದ ಹೊಲ ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ, ಆದರೆ ಸರ್ಕಾರದ ದಾಖಲೆಯಲ್ಲಿ ಅವರು ರೈತರೇ ಆಗಿರಲಿಲ್ಲ! ನಮ್ಮ ಕಡೆ ಉತಾರ ಎಂದು ಕರೆಯುವ ಪಹಣಿಯಲ್ಲಿ ಆರು ವರ್ಷದ ಹಿಂದೆ ತೀರಿಕೊಂಡ ಅಜ್ಜನ ಹೆಸರೇ ಇತ್ತು. ಅಪ್ಪ ಮತ್ತು ಇಬ್ಬರು ಕಾಕಾಂದಿರು ಬಾಯಿಮಾತಿನಲ್ಲೇ ಹೊಲ ಹಂಚಿಕೊಂಡು ಉಳುತ್ತಿದ್ದರು, ಜಗಳವಿಲ್ಲದ ಮನೆಯಾದ್ದರಿಂದ ವಾರಸಾ, ಅಂದರೆ ವಾರಸುದಾರರ ಹೆಸರನ್ನು ಉತಾರಕ್ಕೆ ಏರಿಸುವ ಕೆಲಸ, ಮಾಡಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ವಾರಸಾ ಅರ್ಜಿಗೆ ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಸಹಿ ಬೇಕಾಯಿತು. ಮದುವೆಯಾಗಿ ಜಮಖಂಡಿ ಮತ್ತು ಗೋಕಾಕಕ್ಕೆ ಹೋಗಿರುವ ಇಬ್ಬರು ಅತ್ತೆಯಂದಿರನ್ನೂ ಕರೆಸಬೇಕಾಯಿತು. ದೊಡ್ಡತ್ತೆ ಸಹಿ ಮಾಡಲು ಬಂದವರು ಅಪ್ಪನನ್ನು ನೋಡಿ, “ಅಪ್ಪಾ ಸತ್ತಾಗ ಮಾಡಬೇಕಾದ ಕೆಲಸಾನ ಮಗಳ ಫೀ ಬಂದಾಗ ಮಾಡಾಕತ್ತೀದಿ ನೋಡು” ಎಂದರು. ಉತಾರದಲ್ಲಿ ಅಪ್ಪನ ಹೆಸರು ಏರಿ, ಫ್ರೂಟ್ಸ್ ಸಂಖ್ಯೆ ಬರುವಷ್ಟರಲ್ಲಿ ಮೊದಲ ವರ್ಷದ ಅರ್ಜಿಯ ಕೊನೆಯ ದಿನ ದಾಟಿತ್ತು.

ಎರಡನೆಯ ವರ್ಷ ಅರ್ಜಿ ಸರಿಯಾಗಿ ಹೋಯಿತು, ಮಂಜೂರಾಯಿತೆಂದು ಪೋರ್ಟಲ್ ತೋರಿಸಿತು, ಆದರೆ ಹಣ ನನ್ನ ಖಾತೆಗೆ ಬರಲಿಲ್ಲ. ಎರಡು ತಿಂಗಳು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗವನ್ನು ನಾನು ಪೀಡಿಸಿದೆ. ತಪ್ಪು ಅವರದಾಗಿರಲಿಲ್ಲ. ಸರ್ಕಾರದ ನೇರ ಪಾವತಿ ಹೋಗುವುದು ನಾವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಸಂಖ್ಯೆಗೆ ಜೋಡಣೆಯಾಗಿರುವ ಖಾತೆಗೆ. ನನ್ನ ಆಧಾರ್ ಜೋಡಣೆಯಾಗಿದ್ದುದು ಹೈಸ್ಕೂಲಿನಲ್ಲಿದ್ದಾಗ ಊರಿನ ಶಾಖೆಯಲ್ಲಿ ತೆರೆಸಿದ್ದ ಶೂನ್ಯ ಶಿಲ್ಕಿನ ಖಾತೆಗೆ. ಪಾಸ್‌ಬುಕ್ ಅವ್ವನ ಟ್ರಂಕಿನಲ್ಲಿ ಸೀರೆಗಳ ಅಡಿಗಿತ್ತು, ನಮೂದು ಮಾಡಿಸಿದಾಗ 11,000 ರೂಪಾಯಿ ಅಲ್ಲೇ ಕುಳಿತಿತ್ತು. ಈಗ ಯಾರಾದರೂ ನನ್ನನ್ನು ವಿದ್ಯಾರ್ಥಿವೇತನದ ಬಗ್ಗೆ ಕೇಳಿದರೆ, ಯೋಜನೆಯ ಹೆಸರು ಹೇಳುವ ಮೊದಲು ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು ಆಧಾರ್‌ನಲ್ಲಿಯೂ ಅಕ್ಷರಕ್ಕೆ ಅಕ್ಷರ ಹಾಗೆಯೇ ಇದೆಯೇ ಎಂದು ವಿಚಾರಿಸುತ್ತೇನೆ.

ದೊಡ್ಡ ನೆರವು ಬಂದದ್ದು ಖಾಸಗಿ ಟ್ರಸ್ಟ್ ಒಂದರಿಂದ, ಎರಡು ವರ್ಷಕ್ಕೆ 60,000 ರೂಪಾಯಿ. ಓದುವವರಿಗೆ ದಾನಿಗಳು ಕೈ ಕೊಟ್ಟು ಎತ್ತುವ ಪರಂಪರೆ ನಮ್ಮ ಜಿಲ್ಲೆಗಳಿಗೆ ಹೊಸದೇನಲ್ಲ. ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಬಿಟ್ಟುಹೋದ ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರು ಬೆಳಗಾವಿಯ ಕಾಲೇಜಿನ ಮೇಲೆಯೇ ಇದೆ. ನಮ್ಮ ದೊಡ್ಡ ಕಾಕಾ ಡಿಗ್ರಿ ಓದಿದ್ದು ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯದಲ್ಲಿ ಉಂಡು. ಆದರೆ ಇಂದಿನ ಟ್ರಸ್ಟುಗಳು ಪ್ರಬಂಧ ಕೇಳುತ್ತವೆ, ಸಂದರ್ಶನ ಮಾಡುತ್ತವೆ, ಮತ್ತು ಅಲ್ಲಿ ಬಡತನದ ಕಥೆಯೊಂದೇ ಸಾಲುವುದಿಲ್ಲ.

ನನ್ನ ಮೊದಲ ಪ್ರಬಂಧದಲ್ಲಿ ಬಾಲ್ಯದಿಂದಲೂ ನಾಯಕತ್ವದ ಕನಸು ಕಂಡಿದ್ದೇನೆ ಎಂಬ ವಾಕ್ಯವಿತ್ತು. ಬಿಕಾಂನಲ್ಲಿ ಲೆಕ್ಕಶಾಸ್ತ್ರ ಕಲಿಸಿದ ಸರ್ ಅದನ್ನು ಓದಿ, ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು, “ಸಹಕಾರಿಯೊಳಗ ಮೂರು ವರ್ಷ ಏನ್ ನೋಡಿದಿ, ಅದನ್ನ ಬರಿಯವ್ವಾ” ಎಂದರು. ನಾನು ನೋಡಿದ್ದು ಬಂಗಾರದ ಅಡವು ಸಾಲದ ವಹಿ. ನಾನು ನಮೂದಿಸುತ್ತಿದ್ದ ಅಡವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಬ್ಬು ಕಾರ್ಖಾನೆಗೆ ಹೋದ ಮೇಲೆ ಮತ್ತು ಬಿಲ್ಲು ಬರುವ ಮೊದಲು, ಆ ನಡುವಿನ ತಿಂಗಳುಗಳಲ್ಲಿ ಬರುತ್ತಿದ್ದವು. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ರೈತನಿಗೆ ಬರಬೇಕಾದ ಬಡ್ಡಿ ಬಾರದೆ, ಅವನೇ ನಮ್ಮಲ್ಲಿಗೆ ಬಂದು ಬಡ್ಡಿ ಕಟ್ಟುತ್ತಿದ್ದ. ಬರಬೇಕಾದ ಹಣದ ಆಧಾರದ ಮೇಲೆಯೇ, ಬಂಗಾರವಿಲ್ಲದೆ, ಕಡಿಮೆ ಬಡ್ಡಿಗೆ ಸಹಕಾರಿಗಳು ಸಾಲ ಕೊಡಲು ಸಾಧ್ಯವೇ ಎಂಬುದನ್ನು ಕಲಿಯಲು ನನಗೆ ಹಣಕಾಸು ನಿರ್ವಹಣೆಯ ಓದು ಬೇಕು ಎಂದು ಎರಡನೆಯ ಪ್ರಬಂಧದಲ್ಲಿ ಬರೆದೆ. ವಿಡಿಯೊ ಸಂದರ್ಶನದ ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಇದರ ಬಗ್ಗೆಯೇ ಪ್ರಶ್ನೆಗಳಾದವು. ನನ್ನ ಇಂಗ್ಲಿಷ್ ಎರಡು ಕಡೆ ತಡವರಿಸಿತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇದೇ ಪ್ರಬಂಧವನ್ನು ಬೇರೆ ಐದು ಕಡೆ ಕಳಿಸಿದ್ದೆ. ಮೂರು ಕಡೆಯಿಂದ ಉತ್ತರವೇ ಬರಲಿಲ್ಲ, ಎರಡು ಕಡೆ ತಿರಸ್ಕೃತವಾಯಿತು.

ಉಳಿದ ಕೊರತೆಗೆ ಶಿಕ್ಷಣ ಸಾಲವೇ ಗತಿಯಾಯಿತು. ಬ್ಯಾಂಕುಗಳ ಮಾದರಿ ಯೋಜನೆಯಂತೆ 4 ಲಕ್ಷದವರೆಗಿನ ಸಾಲಕ್ಕೆ ನಮ್ಮ ಕೈಯಿಂದ ಹಾಕಬೇಕಾದ ಪಾಲೂ ಇಲ್ಲ, ಆಸ್ತಿಯ ಅಡಮಾನವೂ ಇಲ್ಲ. ಆದರೂ ಊರಿನ ಶಾಖೆಯಲ್ಲಿ, “ಕಾಲೇಜ್ ಬೆಳಗಾವ್ಯಾಗ ಐತಲ್ಲ, ಅಲ್ಲೇ ಕೇಳ್ರಿ” ಎಂದರು. ಬೆಳಗಾವಿಯ ಶಾಖೆಯಲ್ಲಿ, ತಂದೆಯ ವಾಸ ಎಲ್ಲಿಯೋ ಅಲ್ಲಿಯ ಶಾಖೆಗೆ ಹೋಗಬೇಕೆಂದರು. ಮೂರು ಸಲ ಹೀಗೆ ಓಡಾಡಿದ ಮೇಲೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಅಲ್ಲಿ ಒಂದೇ ಅರ್ಜಿಯನ್ನು ಮೂರು ಬ್ಯಾಂಕುಗಳಿಗೆ ಕಳಿಸಬಹುದಿತ್ತು, ಅರ್ಜಿಗೆ ಸಂಖ್ಯೆ ಇರುತ್ತಿತ್ತು, ತಿರಸ್ಕರಿಸಿದರೆ ಅದೂ ದಾಖಲಾಗುತ್ತಿತ್ತು. ಬಾಯಿಮಾತಿನಲ್ಲಿ ಇಲ್ಲ ಎಂದಿದ್ದ ಶಾಖೆಯೇ ಅರ್ಜಿ ಸಂಖ್ಯೆ ತೋರಿಸಿದ ಮೇಲೆ ಕಾಗದಗಳನ್ನು ತೆಗೆದುಕೊಂಡು, ಐದು ವಾರದಲ್ಲಿ 1,60,000 ರೂಪಾಯಿ ಮಂಜೂರು ಮಾಡಿತು. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದುದರಿಂದ ಕೇಂದ್ರದ ಬಡ್ಡಿ ಸಹಾಯಧನವೂ ದೊರೆಯಿತು, ಅಂದರೆ ಓದಿನ ಎರಡು ವರ್ಷ ಮತ್ತು ಅದರ ಮೇಲಿನ ಒಂದು ವರ್ಷದ ಬಡ್ಡಿ ನನ್ನ ತಲೆಯ ಮೇಲೆ ಬರಲಿಲ್ಲ. ಇದಕ್ಕೆ ಕಾಲೇಜು ಅಥವಾ ಕೋರ್ಸಿಗೆ ನ್ಯಾಕ್ ಅಥವಾ ಎನ್‌ಬಿಎ ಎಂಬ ಗುಣಮಟ್ಟ ಪರಿಶೀಲಿಸುವ ಸಂಸ್ಥೆಗಳ ಮಾನ್ಯತೆ ಇರಬೇಕು, ಮತ್ತು ಈ ಸಹಾಯಧನ ಪದವಿಗೋ ಸ್ನಾತಕೋತ್ತರಕ್ಕೋ ಒಮ್ಮೆ ಮಾತ್ರ ಸಿಗುತ್ತದೆ. ಬಿಕಾಂಗೆ ಸಾಲ ಮಾಡದೇ ಇದ್ದದ್ದು ಇಲ್ಲಿ ನನಗೆ ಅನುಕೂಲವಾಯಿತು.

ಆದರೆ ದಿನಗಳ ಲೆಕ್ಕ ಮಾತ್ರ ಕೂಡಿಬರಲಿಲ್ಲ. ಸೀಟು ಹಂಚಿಕೆಯಾದ ಕೆಲವೇ ದಿನಗಳಲ್ಲಿ ಫೀ ಕಟ್ಟಬೇಕಿತ್ತು. ಆಗ ಕೈಯಲ್ಲಿ ಇದ್ದದ್ದು ನನ್ನ ಉಳಿತಾಯ ಮಾತ್ರ. ಸಾಲದ ಮೊದಲ ಕಂತು ಬಂದದ್ದು ಎರಡು ತಿಂಗಳ ಮೇಲೆ, ಟ್ರಸ್ಟಿನ ಹಣ ಬಂದದ್ದು ಮೊದಲ ಸೆಮಿಸ್ಟರ್ ಫಲಿತಾಂಶ ಕಳಿಸಿದ ಮೇಲೆ. ಸಹಕಾರಿಯ ಕೆಲಸ ಬಿಡುವಾಗ ಮೊಬೈಲ್ ಬದಲಿಸಿ ಒಂದು ಸ್ಕೂಟಿ ತೆಗೆದುಕೊಳ್ಳಬೇಕೆಂಬ ಆಸೆ ಬಹಳವಿತ್ತು. ತೆಗೆದುಕೊಂಡಿದ್ದರೆ ಸೀಟೇ ಕೈತಪ್ಪುತ್ತಿತ್ತು. ಹಾಸ್ಟೆಲ್ ಹಣವನ್ನು ಮೂರು ಕಂತಿನಲ್ಲಿ ಕಟ್ಟಲು ಅವಕಾಶ ಕೋರಿ ಪ್ರಾಂಶುಪಾಲರಿಗೆ, ಸಾಲ ಮಂಜೂರಾತಿ ಪತ್ರದ ಪ್ರತಿ ಲಗತ್ತಿಸಿ, ಅರ್ಧ ಪುಟದ ಅರ್ಜಿ ಬರೆದೆ, ಅವರು ಒಪ್ಪಿದರು. ಬೇಸಿಗೆಯ ಇಂಟರ್ನ್‌ಶಿಪ್‌ನಲ್ಲಿ 16,000 ರೂಪಾಯಿ ಬಂತು. ಎಲ್ಲ ಕೂಡಿಸಿದ ಮೇಲೂ 13,000 ರೂಪಾಯಿ ಕಡಿಮೆ ಬಿದ್ದಾಗ ಅಪ್ಪ ಕೊಟ್ಟರು. ಅದು ಹಿಂದಿನ ವರ್ಷದ ಕಬ್ಬಿನ ಬಿಲ್ಲಿನ ಹಣ.

ಈಗ ಸಾಲದ ಮೊದಲ ವರ್ಷದ ಕಂತುಗಳನ್ನು ಕಟ್ಟುತ್ತಿದ್ದೇನೆ. ಸಣ್ಣ ಕಾಕಾನ ಮಗ ಈ ವರ್ಷ ಪಿಜಿಸಿಇಟಿ ಬರೆಯುವವನಿದ್ದಾನೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನು ಅವನು ಓದಿಕೊಂಡಿದ್ದಾನೆ. ಅದರಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನಿಲ್ಲದ ಸಾಲ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3ರ ರಿಯಾಯಿತಿ. ಶ್ರೇಯಾಂಕದ ಆಧಾರದ ಮೇಲೆ ಮಾಡಿದ ಪಟ್ಟಿಯಾದ್ದರಿಂದ ತಾನು ಬಯಸಿದ ಕಾಲೇಜು ಅದರಲ್ಲಿ ಇದೆಯೇ ಎಂದು ನೋಡಿಕೊಂಡು ಆಮೇಲೆ ಆಯ್ಕೆ ತುಂಬು ಎಂದು ಹೇಳಿದ್ದೇನೆ. ರೈತ ವಿದ್ಯಾನಿಧಿಗೆ ಕಾಕಾನ ಫ್ರೂಟ್ಸ್ ಸಂಖ್ಯೆ ಬಂದಿದೆಯೇ ಎಂದು ಕಳೆದ ವಾರ ಫೋನಿನಲ್ಲಿ ಕೇಳಿದೆ. ಅಂದು ವಾರಸಾ ಆದಾಗ ಕಾಕಾನ ಹೆಸರೂ ಉತಾರಕ್ಕೆ ಏರಿತ್ತು. ಆದರೆ ಅದರಲ್ಲಿ ಒಂದು ಅಕ್ಷರ ತಪ್ಪಾಗಿದ್ದು, ಆಧಾರ್ ಜೊತೆ ಹೊಂದುತ್ತಿಲ್ಲವಂತೆ. ಸೋಮವಾರ ತಹಶೀಲ್ದಾರ್ ಕಚೇರಿಗೆ ಹೋಗುತ್ತಾರೆ.