ಸ್ಕ್ರೀನ್ ಶೇರ್ ಮಾಡಿದರೆ ಸಾಲದು: ದೂರದಲ್ಲಿದ್ದುಕೊಂಡು ಅಣುಗಳ ಮಾಡೆಲಿಂಗ್ ಮಾಡಿದ ಅನುಭವ

ನಮ್ಮ ಗುಂಪಿನಲ್ಲಿ ಮೂರು ಬಗೆಯ ಜನ ಇದ್ದೇವೆ. ಪ್ರೋಟೀನ್ ಹರಳಿನಿಂದ ರಚನೆ ಬಿಡಿಸುವವರು, ಹೊಸ ಅಣು ತಯಾರಿಸುವ ಕೆಮಿಸ್ಟ್‌ಗಳು, ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಓಡಿಸುವ ನಾನು. ಒಬ್ಬೊಬ್ಬರು ಒಂದೊಂದು ಕಡೆ. ಒಬ್ಬರು ಕೆಲಸ ಶುರು ಮಾಡುವ ಹೊತ್ತಿಗೆ ಇನ್ನೊಬ್ಬರು ಮಲಗಿರುತ್ತಾರೆ.

‘ಯಾವ ಸಾಫ್ಟ್‌ವೇರ್ ಬಳಸ್ತೀರಿ?’ ಅಂತ ತುಂಬಾ ಜನ ಕೇಳುತ್ತಾರೆ. ಅದನ್ನು ಹೇಳುವುದು ಸುಲಭ, ಮುಂದೆ ಹೇಳುತ್ತೇನೆ. ಆದರೆ ನಮ್ಮ ಸಮಯ ಜಾಸ್ತಿ ಹೋಗಿದ್ದು ಬೇರೆ ಕಡೆ. ಇಬ್ಬರೂ ಒಂದೇ ಪರಮಾಣುವಿನ ಬಗ್ಗೆ ಮಾತಾಡುತ್ತಿದ್ದೇವಾ ಅಂತ ಖಚಿತ ಮಾಡಿಕೊಳ್ಳೋದರಲ್ಲಿ.

ಹೊಸಬರು ಸೇರಿದಾಗ ನಾನು ಪ್ರೋಟೀನ್ ಡೇಟಾ ಬ್ಯಾಂಕಿನ (ಬಿಡಿಸಿದ ರಚನೆಗಳ ಸಾರ್ವಜನಿಕ ಸಂಗ್ರಹ) 1ಎಚ್‌ಎಸ್‌ಜಿ ಫೈಲ್ ತೆರೆದು ತೋರಿಸುತ್ತೇನೆ. ಎಚ್‌ಐವಿ ಪ್ರೋಟಿಯೇಸ್, ಅದರೊಳಗೆ ಇಂಡಿನಾವಿರ್ ಎಂಬ ಔಷಧಿ. ಈ ಪ್ರೋಟೀನ್ ಒಂದೇ ಥರದ ಎರಡು ಚೈನ್ ಸೇರಿ ಆದದ್ದು. ಎ ಮತ್ತು ಬಿ, ಒಂದೊಂದರಲ್ಲೂ 99 ಅಮೈನೋ ಆಮ್ಲ. ಎರಡರಲ್ಲೂ 25ನೆಯದು ಆಸ್ಪಾರ್ಟೇಟ್. ಪ್ರೋಟಿಯೇಸ್ ಅಂದರೆ ಬೇರೆ ಪ್ರೋಟೀನ್‌ಗಳನ್ನು ಕತ್ತರಿಸುವ ಪ್ರೋಟೀನ್, ಆ ಕತ್ತರಿಸುವ ಕೆಲಸ ಈ ಜೋಡಿಯದೇ. ಈಗ ಯಾರಾದರೂ ಕಾಲ್‌ನಲ್ಲಿ ‘25ರ ಹತ್ತಿರ ನೋಡಿ’ ಅಂದರೆ ಯಾವ 25? ಇದೇ ಪ್ರೋಟೀನಿನ ಬೇರೆ ಕೆಲವು ಫೈಲ್‌ಗಳಲ್ಲಿ ಎರಡನೇ ಚೈನ್ 101ರಿಂದ ಶುರುವಾಗುತ್ತದೆ, ಅಲ್ಲಿ ಅದೇ ಆಮ್ಲ 125. ಡೇಟಾ ಬ್ಯಾಂಕ್ ಬಳಸುವ ಎಂಎಂಸಿಫ್ ಮಾದರಿಯ ಫೈಲಿನಲ್ಲಂತೂ ಎರಡು ಎಣಿಕೆ ಇರುತ್ತದೆ. ರಚನೆ ಬಿಡಿಸಿದವರು ಕೊಟ್ಟ ನಂಬರ್ ಒಂದು, ಸುಮ್ನೆ ಒಂದರಿಂದ ಎಣಿಸುತ್ತಾ ಹೋದ ನಂಬರ್ ಇನ್ನೊಂದು. ಕೆಲವು ಪ್ರೋಟೀನ್‌ಗಳಲ್ಲಿ ಇವೆರಡೂ ಹೊಂದುವುದೇ ಇಲ್ಲ.

ಇನ್ನೂ ಇದೆ. ಈ ಎರಡು ಆಸ್ಪಾರ್ಟೇಟ್‌ಗಳಲ್ಲಿ ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಪ್ರೋಟಾನ್ ಹಾಕಿ ಮಾಡೆಲ್ ಕಟ್ಟುತ್ತಾರೆ. 1ಎಚ್‌ಎಸ್‌ಜಿ ಬಿಡಿಸಿದ್ದು 2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ 0.1 ನ್ಯಾನೋಮೀಟರ್) ರೆಸಲ್ಯೂಶನ್‌ನಲ್ಲಿ. ಅಷ್ಟರಲ್ಲಿ ಹೈಡ್ರೋಜನ್ ಕಾಣುವುದಿಲ್ಲ, ಹಾಗಾಗಿ ಯಾರಾದರೂ ಕೂತು ತೀರ್ಮಾನ ಮಾಡಬೇಕು. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಕ್ಕೂ ಇದೇ ಕಥೆ. ಪ್ರೋಟಾನ್ ಎಲ್ಲಿದೆ ಅನ್ನುವುದರ ಮೇಲೆ ಆಂಬರ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರಿನಲ್ಲಿ ಎಚ್‌ಐಡಿ, ಎಚ್‌ಐಇ, ಎಚ್‌ಐಪಿ ಅಂತ ಮೂರು ಹೆಸರು, ಚಾರ್ಮ್ ಎಂಬ ಇನ್ನೊಂದರಲ್ಲಿ ಅವಕ್ಕೇ ಎಚ್‌ಎಸ್‌ಡಿ, ಎಚ್‌ಎಸ್‌ಇ, ಎಚ್‌ಎಸ್‌ಪಿ. ಚಿತ್ರ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಅದಕ್ಕೇ ನಮ್ಮಲ್ಲಿ ಒಂದು ರೂಢಿ ಮಾಡಿಕೊಂಡೆವು. ಸ್ಕ್ರೀನ್‌ಶಾಟ್ ಕಳಿಸುವವರು ಅದರ ಜೊತೆ ಕಮಾಂಡ್ ಸಾಲನ್ನೂ ಕಳಿಸಬೇಕು. ರಚನೆ ನೋಡುವ ಸಾಫ್ಟ್‌ವೇರ್ ಕೈಮೆರಾಎಕ್ಸ್ ಆಗಲಿ ಪೈಮಾಲ್ ಆಗಲಿ, ಚೈನ್ ಹೆಸರು, ನಂಬರ್, ಪರಮಾಣುವಿನ ಹೆಸರು ಮೂರೂ ಇರುವ ಸೆಲೆಕ್ಷನ್ ಬರೆಯುವುದು ಒಂದು ಸಾಲಿನ ಕೆಲಸ. ಓದುವವರು ಅದನ್ನೇ ಕಾಪಿ ಮಾಡಿ ಪೇಸ್ಟ್ ಮಾಡುತ್ತಾರೆ, ಮಾತೇ ಬೇಕಿಲ್ಲ. ಮೌಸ್ ಇಟ್ಟುಕೊಂಡು ‘ಇಲ್ಲಿ, ಇಲ್ಲಿ, ಸ್ವಲ್ಪ ಎಡಕ್ಕೆ’ ಅನ್ನುವ ಕಾಲ್‌ಗಳು ನಿಂತೇ ಹೋದವು. ಡಾಕಿಂಗ್ ಅಂದರೆ ಔಷಧಿಯ ಅಣು ಪ್ರೋಟೀನಿನಲ್ಲಿ ಎಲ್ಲಿ, ಹೇಗೆ ಕೂರುತ್ತದೆ ಅಂತ ಕಂಪ್ಯೂಟರಿನಲ್ಲಿ ಹುಡುಕುವುದು, ಹುಡುಕುವ ಜಾಗವೇ ಡಾಕಿಂಗ್ ಬಾಕ್ಸ್. ಅದರ ವಿಷಯದಲ್ಲೂ ಹಾಗೇ. ಬಾಕ್ಸಿನ ನಡುವಿನ ಎಕ್ಸ್, ವೈ, ಝಡ್ ಕಳಿಸಿದರೆ ಏನು ಪ್ರಯೋಜನ, ಆ ಕಡೆಯವರು ರಚನೆಯನ್ನು ತಿರುಗಿಸಿ ಇನ್ನೊಂದರ ಮೇಲೆ ಕೂರಿಸಿ ಸೇವ್ ಮಾಡಿಕೊಂಡಿದ್ದರೆ? ಈಗ ಎಲ್ಲರ ಫೈಲೂ ಒಂದೇ ಮೂಲ ರಚನೆಗೆ ಅಲೈನ್ ಆಗಿರಬೇಕು. ಸಿಮ್ಯುಲೇಶನ್ ಓಡಿಸುವ ಗ್ರೊಮ್ಯಾಕ್ಸ್ ನ್ಯಾನೋಮೀಟರ್ ಬಳಸುತ್ತದೆ, ಉಳಿದವು ಹೆಚ್ಚಿನವು ಆಂಗ್‌ಸ್ಟ್ರಾಮ್. ಹಾಗಾಗಿ ಸಂಖ್ಯೆ ಬರೆದ ಕಡೆಯೆಲ್ಲಾ ಅಳತೆಯ ಹೆಸರೂ ಬೇಕು.

ಇನ್ನು ನೀರಿನ ವಿಷಯ. ಡಾಕಿಂಗ್ ತಯಾರಿಯಲ್ಲಿ ‘ನೀರೆಲ್ಲಾ ತೆಗೆಯಿರಿ’ ಅನ್ನುವುದು ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು. 1ಎಚ್‌ಎಸ್‌ಜಿಯಲ್ಲಿ 308 ನಂಬರಿನ ಒಂದು ನೀರಿನ ಅಣು ಇದೆ. ಔಷಧಿಯ ಮೇಲೆ ಮುಚ್ಚಿಕೊಳ್ಳುವ ಪ್ರೋಟೀನಿನ ಎರಡು ರೆಪ್ಪೆಗಳ ತುದಿಯಲ್ಲಿರುವ 50ನೇ ಐಸೋಲ್ಯೂಸಿನ್‌ಗಳನ್ನೂ ಔಷಧಿಯನ್ನೂ ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುವುದು ಅದೇ. ಅದನ್ನು ತೆಗೆದವರಿಗೆ ಒಂದು ಉತ್ತರ ಬರುತ್ತದೆ, ಉಳಿಸಿಕೊಂಡವರಿಗೆ ಇನ್ನೊಂದು. ಇಬ್ಬರೂ ಸರಿಯಾಗಿಯೇ ಕೆಲಸ ಮಾಡಿರುತ್ತಾರೆ, ಆದರೂ ಉತ್ತರ ಹೊಂದುವುದಿಲ್ಲ. ಆದ್ದರಿಂದ ತಯಾರಿಯ ಹಂತಗಳನ್ನು ಕೈಯಿಂದ ಮಾಡದೆ ಸ್ಕ್ರಿಪ್ಟ್‌ನಲ್ಲಿ ಬರೆದು, ಫೈಲಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇಡುತ್ತೇವೆ. ಯಾವ ನೀರು ಉಳಿಯಿತು, ಯಾಕೆ ಉಳಿಯಿತು ಅಂತ ಒಂದು ಸಾಲು ಅಲ್ಲೇ ಇರುತ್ತದೆ.

ಗಿಟ್‌ಗೆ ಹೋಗುವುದು ಪಠ್ಯ ಫೈಲ್‌ಗಳು ಮಾತ್ರ. ಸಿಮ್ಯುಲೇಶನ್ನಿನ ಟ್ರಾಜೆಕ್ಟರಿ, ಅಂದರೆ ಪರಮಾಣುಗಳ ಚಲನೆಯನ್ನು ಫ್ರೇಮ್ ಫ್ರೇಮಾಗಿ ಬರೆದಿಟ್ಟ ಫೈಲ್, ಅಲ್ಲಿಗೆ ಹಾಕಿದರೆ ಎಲ್ಲರೂ ಬೈಯುತ್ತಾರೆ. ಲೆಕ್ಕ ಹಾಕಿ ನೋಡಿ. ನೀರೂ ಸೇರಿ 40,000 ಪರಮಾಣು ಇದ್ದರೆ, ಒಂದಕ್ಕೆ 12 ಬೈಟ್‌ನಂತೆ ಒಂದು ಫ್ರೇಮಿಗೆ 480 ಕಿಲೋಬೈಟ್. 10,000 ಫ್ರೇಮಿಗೆ ಸುಮಾರು 4.8 ಗಿಗಾಬೈಟ್. ಕೆಮಿಸ್ಟ್‌ಗೆ ಬೇಕಾದದ್ದು ಪ್ರೋಟೀನ್, ಔಷಧಿ, ಆ ಒಂದು ನೀರು. ಅಷ್ಟನ್ನೇ ಉಳಿಸಿ, ಹತ್ತರಲ್ಲಿ ಒಂದು ಫ್ರೇಮ್ ಇಟ್ಟರೆ 40 ಮೆಗಾಬೈಟ್‌ಗೆ ಇಳಿಯುತ್ತದೆ. ಫೈಲನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಟಿಸಿ ಫಾರ್ಮ್ಯಾಟ್‌ನಲ್ಲಿ ಇನ್ನೂ ಕಡಿಮೆ. ಅದರಲ್ಲಿ ನಿಖರತೆ ಸಾಮಾನ್ಯವಾಗಿ 0.001 ನ್ಯಾನೋಮೀಟರ್, ಕಣ್ಣಲ್ಲಿ ನೋಡೋದಕ್ಕೆ ಧಾರಾಳವಾಗಿ ಸಾಕು. ಪೂರ್ತಿ ಫೈಲ್ ಸರ್ವರ್‌ನಲ್ಲೇ ಇರುತ್ತದೆ, ಲೆಕ್ಕಾಚಾರವೂ ಅಲ್ಲೇ.

ಕಳಿಸುವ ಮುಂಚೆ ಇನ್ನೊಂದು ಕೆಲಸ ಉಂಟು. ಸಿಮ್ಯುಲೇಶನ್ ಬಾಕ್ಸಿನ ಒಂದು ಗೋಡೆ ದಾಟಿದ ಪರಮಾಣು ಎದುರು ಗೋಡೆಯಿಂದ ಒಳಗೆ ಬರುತ್ತದೆ. ಹಾಗಾಗಿ ಕಚ್ಚಾ ಫೈಲಿನಲ್ಲಿ ಬಿ ಚೈನ್ ಒಮ್ಮೆಲೇ ಹಾರಿ ಆ ಮೂಲೆಗೆ ಹೋದಂತೆ ಕಾಣುತ್ತದೆ. ನಮಗೆ ಇದು ಮಾಮೂಲು. ನೋಡಿ ಅಭ್ಯಾಸ ಇಲ್ಲದವರು ‘ಪ್ರೋಟೀನ್ ಒಡೆದು ಹೋಯ್ತಲ್ಲ, ನಮ್ಮ ಅಣು ಕೆಲಸ ಮಾಡ್ತಿದೆ!’ ಅಂತ ಖುಷಿಪಡುತ್ತಾರೆ. ಪಾಪ, ಆ ಖುಷಿ ಕೆಡಿಸುವುದು ಕಷ್ಟ. ಗ್ರೊಮ್ಯಾಕ್ಸ್‌ನ ಟ್ರಾಜ್‌ಕಾನ್ವ್ ಕಮಾಂಡ್ ಓಡಿಸಿ ಎರಡೂ ಚೈನ್ ಜೋಡಿಸಿಯೇ ಕಳಿಸುತ್ತೇನೆ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ಏನನ್ನೂ ಇನ್‌ಸ್ಟಾಲ್ ಮಾಡಲು ಮನಸ್ಸಿಲ್ಲದವರಿಗೆ ಮಾಲ್‌ಸ್ಟಾರ್ ವರ. ಲೈಟ್‌ಮಾಲ್, ಎನ್‌ಜಿಎಲ್ ಎಂಬ ಎರಡು ಹಳೆಯ ವ್ಯೂವರ್‌ಗಳ ತಂಡಗಳು ಸೇರಿ ಕಟ್ಟಿದ್ದು. ಬ್ರೌಸರಿನಲ್ಲೇ ಓಡುತ್ತದೆ. ಯಾವ ಕೋನ, ಯಾವ ಬಣ್ಣ, ಯಾವುದನ್ನು ಎತ್ತಿ ತೋರಿಸಿದ್ದು ಎಲ್ಲವನ್ನೂ ಒಂದು ಫೈಲಾಗಿ ಉಳಿಸಿ ಕಳಿಸಬಹುದು. ಸೆಷನ್ ಫೈಲ್‌ಗಳಲ್ಲಿ ಒಂದು ಕಿರಿಕಿರಿ ಮಾತ್ರ ಇದ್ದೇ ಇದೆ. ಹೊಸ ಆವೃತ್ತಿಯಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯದೇ ಇರಬಹುದು. ಪೈಮಾಲ್‌ನಲ್ಲಿ ಹಳೆಯ ಆವೃತ್ತಿಗೆ ಹೊಂದುವಂತೆ ಉಳಿಸುವ ಸೆಟ್ಟಿಂಗ್ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಸೆಷನ್ ಫೈಲನ್ನು ದಾಖಲೆ ಅಂತ ನಾನು ನಂಬುವುದಿಲ್ಲ. ಅದು ನೋಡೋದಕ್ಕೆ. ದಾಖಲೆ ಅಂದರೆ ಮೂಲ ರಚನೆ ಮತ್ತು ಸ್ಕ್ರಿಪ್ಟ್.

ವಿಆರ್ (ವರ್ಚುವಲ್ ರಿಯಾಲಿಟಿ) ಕೂಡ ನೋಡಿದ್ದಾಯಿತು. ಕೈಮೆರಾಎಕ್ಸ್‌ನಲ್ಲಿ ಮೀಟಿಂಗ್ ಅಂತಲೇ ಒಂದು ಕಮಾಂಡ್ ಇದೆ, ದೂರದಲ್ಲಿರುವವರು ಒಂದೇ ಮಾಡೆಲ್ ಸುತ್ತ ಸೇರಬಹುದು. ಔಷಧಿ ಕೂರುವ ಗುಳಿ (ಬೈಂಡಿಂಗ್ ಪಾಕೆಟ್) ಎಷ್ಟು ಆಳ ಅಂತ ತಿಳಿಯೋದಕ್ಕೆ ಅದರಷ್ಟು ಚೆನ್ನಾಗಿರುವುದು ಬೇರೆ ಇಲ್ಲ. ಆದರೆ ಸಂಸ್ಥೆಗಳ ಫೈರ್‌ವಾಲ್ ದಾಟಿಸುವುದರಲ್ಲೇ ಹುಮ್ಮಸ್ಸು ಇಳಿದಿರುತ್ತದೆ. ದಿನನಿತ್ಯದ ಕೆಲಸಕ್ಕೆ ನನಗೇನೂ ಬೇಕೆನಿಸಲಿಲ್ಲ.

ಇವತ್ತಿಗೂ ಪೂರ್ತಿ ಬಗೆಹರಿಯದಿರುವುದು ಹೊಸ ಅಣುಗಳ ಪರಮಾಣು ಹೆಸರು. ಡೇಟಾ ಬ್ಯಾಂಕಿನಲ್ಲಿರುವ ಅಣುಗಳಿಗೆ ಅಲ್ಲೇ ಹೆಸರಿಟ್ಟಿರುತ್ತಾರೆ. ಕೆಮಿಸ್ಟ್ ನಿನ್ನೆ ಬರೆದ ಅಣುವಿಗೆ ಯಾರು ಇಡಬೇಕು? ಅಣುವನ್ನು ಒಂದು ಸಾಲಿನ ಅಕ್ಷರಗಳಲ್ಲಿ ಬರೆಯುವ ಸ್ಮೈಲ್ಸ್‌ನಿಂದ ಮೂರು ಆಯಾಮಕ್ಕೆ ತಂದ ಪ್ರೋಗ್ರಾಂ ಒಂದು ಥರ ಎಣಿಸುತ್ತದೆ, ಸಿಮ್ಯುಲೇಶನ್ನಿಗೆ ಬೇಕಾದ ಪ್ಯಾರಾಮೀಟರ್ ತಯಾರಿಸುವ ಪ್ರೋಗ್ರಾಂ ಇನ್ನೊಂದು ಥರ. ಒಬ್ಬರ ಸಿ7 ಇನ್ನೊಬ್ಬರ ಸಿ12 ಆಗಿಬಿಡುತ್ತದೆ. ಸದ್ಯಕ್ಕೆ ಪ್ರತಿ ಅಣುವಿಗೂ ನಂಬರ್ ಬರೆದ ಒಂದು ಚಿತ್ರ ಮಾಡಿ ಸ್ಕ್ರಿಪ್ಟಿನ ಪಕ್ಕದಲ್ಲೇ ಇಡುತ್ತಿದ್ದೇವೆ. ಯಾರಾದರೂ ಫೈಲನ್ನು ಇನ್ನೊಂದು ಫಾರ್ಮ್ಯಾಟ್‌ಗೆ ಬದಲಿಸಿದರೆ ಚಿತ್ರವನ್ನೂ ಹೊಸದಾಗಿ ಮಾಡಬೇಕು.